ಮೀನಿನ ನೆಪದ ನೀರು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ವಿದ್ಯಾಭ್ಯಾಸವೆಲ್ಲ ಉರ್ದುವಿನಲ್ಲಿ ನಡೆಯಿತು. ನಿಜಾಮ ಸರಕಾರದ ಶಾಲೆಗಳಲ್ಲಿ ಕನ್ನಡಕ್ಕೆ ಇದ್ದ ಸ್ಥಾನ, ಮದುವೆಮನೆಗೆ ಕರೆಯದೆ ಬಂದ ನೆಂಟನಿಗೆ ಇರುವಷ್ಟೇ. ಬರೆಯುವ ಕನ್ನಡವನ್ನು ನಾನು ಬಿ.ಎ. ಮುಗಿಸಿದ ಮೇಲೆ ಸ್ವಂತವಾಗಿ ಕಲಿತವನು. ಹೊಸ ಶೇರವಾನಿ ತೊಟ್ಟವನು ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವಂತೆ ಪ್ರತಿಯೊಂದು ವಾಕ್ಯವನ್ನೂ ಮುಟ್ಟಿ ನೋಡುತ್ತೇನೆ. ಆದರೂ ಎಲ್ಲಿಯಾದರೂ ಗುಂಡಿ ತಪ್ಪಿದ್ದರೆ ವಾಚಕರು ಮನ್ನಿಸಬೇಕು. ವಿಷಯವೂ ಘನವಾದುದೇನಲ್ಲ, ಮಸ್ಕಿಯ ನಮ್ಮ ಮನೆಯಲ್ಲಿ ನಾನು ಮೀನು ಸಾಕಿದ ಸಂಗತಿ.

ಹೈದರಾಬಾದಿನಲ್ಲಿ ಓದುವಾಗ ನಮ್ಮ ಪ್ರೊಫೆಸರರೊಬ್ಬರ ದಿವಾನಖಾನೆಯಲ್ಲಿ ಒಂದು ಗಾಜಿನ ಪೆಟ್ಟಿಗೆಯನ್ನು ಕಂಡಿದ್ದೆ. ಹಲವು ಜಾತಿಯ, ಹಲವು ಬಣ್ಣದ ಮೀನುಗಳು ಒಂದೇ ನೀರಿನಲ್ಲಿ ಜಗಳವಿಲ್ಲದೆ ಸಂಸಾರ ಮಾಡಿಕೊಂಡಿದ್ದವು. ಅದರ ಎದುರು ಕುಳಿತ ಅತಿಥಿಗಳು ಸಹ ತಾವಾಗಿಯೇ ದನಿ ತಗ್ಗಿಸಿ ಮಾತನಾಡುತ್ತಿದ್ದರು. ಪದವೀಧರನೆಂದರೆ ಇಂಥದೊಂದು ಪೆಟ್ಟಿಗೆಯ ಒಡೆಯನೆಂದು ಅಂದೇ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿತು. ಮಸ್ಕಿಯಲ್ಲಿ ಮಾಸ್ತರಿಕೆ ದೊರೆತ ಮೇಲೆ, ಅದೇ ಪ್ರೊಫೆಸರರಿಂದ ಈ ವಿಷಯದ ಇಂಗ್ಲಿಷ್ ಪುಸ್ತಕವೊಂದನ್ನು ಎರವಲು ತರಿಸಿಕೊಂಡೆ.

ಪುಸ್ತಕದ ಅರ್ಧಭಾಗ, ಉಷ್ಣದೇಶದ ಮೀನುಗಳಿಗಾಗಿ ನೀರನ್ನು ಬೆಚ್ಚಗೆ ಇಡುವ ಉಪಾಯಗಳಿಗೆ ಮೀಸಲಾಗಿತ್ತು. ಪೆಟ್ಟಿಗೆಯ ಕೆಳಗೆ ದೀಪ ಹಚ್ಚಿಡಬೇಕು, ಕಿಟಕಿಯ ಗಾಳಿ ತಾಗದಂತೆ ನೋಡಿಕೊಳ್ಳಬೇಕು. ಓದುತ್ತ ಓದುತ್ತ ಆ ಉಷ್ಣದೇಶ ಎಲ್ಲಿಯದೋ ಅಲ್ಲ, ನಾವೇ ಅದು ಎಂದು ಹೊಳೆಯಿತು. ಪುಸ್ತಕ ಬರೆದವನು ದೀಪ ಹಚ್ಚುವಲ್ಲಿ ನಾನು ಒದ್ದೆ ಗೋಣಿತಟ್ಟು ಸುತ್ತಬೇಕಾಗಿತ್ತು. ಅವನ ದೇಶದಲ್ಲಿ ಬೆರಗಿನ ವಸ್ತುವಾದದ್ದು ನಮ್ಮ ಹಿತ್ತಲಿನ ಬಾವಿಯಲ್ಲಿ ಪುಕ್ಕಟೆಯಾಗಿ ಈಜುತ್ತಿತ್ತು.

ಪೆಟ್ಟಿಗೆ ಮಾತ್ರ ಪುಕ್ಕಟೆ ಬರಲಿಲ್ಲ. ಲಿಂಗಸೂಗೂರಿನ ದಂಡಿನ ಛಾವಣಿಯಲ್ಲಿ ಕಂದೀಲು ದುರಸ್ತಿ ಮಾಡುವ ಖಾಸಿಂಸಾಬರ ಬಳಿ ಒಂದು ಸೀಮೆಎಣ್ಣೆಯ ಡಬ್ಬಿಯನ್ನು ಒಯ್ದು, ಇದರ ಒಂದು ಮಗ್ಗುಲು ಕತ್ತರಿಸಿ ಗಾಜು ಕೂಡಿಸಿಕೊಡಬೇಕೆಂದು ವಿನಂತಿಸಿದೆ. ಅವರು ಡಬ್ಬಿಯನ್ನೂ ನನ್ನನ್ನೂ ತಿರುಗಿಸಿ ತಿರುಗಿಸಿ ನೋಡಿದರು. "ಮಾಸ್ತರ್ ಸಾಬ್, ಮೀನಿಗೆ ಖಿಡಕಿ ಹಚ್ಚು ಅಂತೀರಿ. ನಮ್ಮ ಮನಿಗೇ ಖಿಡಕಿ ಇಲ್ರೀ!" ಎಂದು ನಕ್ಕರು. ಆದರೂ ಗಾಜು ಕೂಡಿಸಿ, ಸಂದಿಗಳಿಗೆ ರಾಳ ಮೆತ್ತಿ ಕೊಟ್ಟರು. ಎಣ್ಣೆಯ ವಾಸನೆ ಹೋಗುವವರೆಗೆ ನನ್ನ ಹೆಂಡತಿ ನೀಲಮ್ಮ ಅದನ್ನು ಅಂಟವಾಳ, ಬೂದಿ ಹಾಕಿ ತಿಕ್ಕಿದಳು.

ಇಲ್ಲಿ ನಮ್ಮ ಮನೆಯ ನೀರಿನ ವಿಷಯ ಹೇಳಬೇಕು. ಹಿತ್ತಲ ಬಾವಿಯದು ಉಪ್ಪುಪ್ಪಾದ ಸವಳು ನೀರು. ಬಟ್ಟೆ, ಪಾತ್ರೆ, ದನಗಳಿಗೆ ಅಷ್ಟೇ. ಕುಡಿಯುವ ಸಿಹಿನೀರಿಗೆ ಹಳ್ಳಕ್ಕೆ ಇಳಿಯಬೇಕು. ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಬಟ್ಟಲಿನಿಂದ ಮೊಗೆಮೊಗೆದು ಕೊಡ ತುಂಬಿ, ದಿಬ್ಬ ಏರಿ ಬರಬೇಕು. ಅದು ಹೆಂಗಸರ ಕೆಲಸ. ನೀಲಮ್ಮ ಆಗ ಬಸುರಿ; ಅವಳು ದಿಬ್ಬ ಹತ್ತಕೂಡದೆಂದು ಅವ್ವನ ಅಪ್ಪಣೆ. ಹೀಗಾಗಿ ಅವ್ವ ಒಬ್ಬಳೇ ಹೋಗುತ್ತಿದ್ದಳು. ಅವಳ ಮೊಣಕಾಲು ಬಾತಿತ್ತು. ದಿಬ್ಬದ ನಡುವೆ ಕೊಡ ಇಳಿಸಿ ಕೂರುವಳು; ಒಮ್ಮೆ ಕೊಡದೊಡನೆ ಉರುಳಿಯೂ ಬಿದ್ದಿದ್ದಳು. ನಾನು ತರುತ್ತೇನೆಂದರೆ ಸಿಟ್ಟಿಗೇಳುತ್ತಿದ್ದಳು.

"ನಿಮ್ಮಪ್ಪ ಸಿಂಧನೂರ ಪ್ಯಾಟ್ಯಾಗ ಮಂದಿ ಹತ್ತಿಹೇರು ಹೊತ್ತು ಹೊತ್ತು ಸತ್ತಾನ. ನೀ ಹೊರಬಾರದು ಅಂತನ ನಿನ್ನ ಓದಿಸೀವಿ. ಕೊಡ ಹೊತ್ತು ನಿಂತಿ ಅಂದ್ರ, ನಾ ಸತ್ತಂಗ ತಿಳಕೋ."

ನನ್ನ ತಂದೆ ಹಮಾಲರಾಗಿದ್ದರು.

ಇಂಥ ಮನೆಗೆ ಮೀನುಗಳು ಬಂದವು. ಬಾವಿಯಲ್ಲಿ ಧೋತರ ಬೀಸಿ ಹಿಡಿದ ಸಣ್ಣಸಣ್ಣ ಬೆಳ್ಳಿ ಮೀನುಗಳು, ಬಾಲದ ಬಳಿ ಬೊಟ್ಟಿಟ್ಟುಕೊಂಡ ಒಂದೆರಡು, ಮೀಸೆ ಬಿಟ್ಟ ಒಬ್ಬ ಯಜಮಾನ. ಮರುದಿನ ಶಾಲೆಯಿಂದ ಬಂದು ನೋಡಿದರೆ ಡಬ್ಬಿಯ ನೀರು ಬದಲಾಗಿತ್ತು. ಅವ್ವ ಬಾವಿಯ ನೀರನ್ನು ಚೆಲ್ಲಿ ಹಳ್ಳದ ಸಿಹಿನೀರು ತುಂಬಿದ್ದಳು.

"ಮನಿಗಿ ಬಂದವ್ರಿಗಿ ಸವಳ ನೀರು ಕೊಡ್ತಾರೇನೋ? ನಮಗ ಇಲ್ಲಾಂದ್ರೂ ನಡದೀತು."

ನಮ್ಮ ಕಡೆ ಅತಿಥಿಯ ಮುಂದೆ ಸವಳು ನೀರಿನ ತಂಬಿಗೆ ಇಡುವುದು, ಅವನನ್ನು ಎದ್ದು ಹೋಗೆಂದು ಹೇಳಿದಷ್ಟೇ ಕೆಟ್ಟದ್ದು. ಅವ್ವನ ಧರ್ಮದಲ್ಲಿ ತಪ್ಪಿರಲಿಲ್ಲ. ಆದರೆ ಆ ಧರ್ಮಕ್ಕಾಗಿ ಅವಳ ಬಾತ ಮೊಣಕಾಲು ದಿನಕ್ಕೊಂದು ದಿಬ್ಬ ಹೆಚ್ಚಾಗಿ ಏರಬೇಕಾಯಿತು. ಆಗ ನಾನೊಂದು ಉಪಾಯ ಹೂಡಿದೆ. ಇದು ಮನೆಯ ನೀರಲ್ಲ, ನನ್ನ ಶೋಕಿಯ ನೀರು. ಹೈದರಾಬಾದಿನಲ್ಲಿ ದೊಡ್ಡ ದೊಡ್ಡವರು ತಮ್ಮ ಮೀನಿಗೆ ತಾವೇ ನೀರು ತರುತ್ತಾರೆ ಎಂದೆ. ಪ್ರೊಫೆಸರರ ನೀರು ಯಾರು ತರುತ್ತಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ನವಾಬರು ಬೇಟೆಗೆ ಹೋಗುವಂತೆ ಇದೂ ಒಂದು ಶೋಕಿ ಇರಬಹುದೆಂದು ಅವ್ವ ಒಪ್ಪಿದಳು.

ಮರುದಿನ ಬೆಳಿಗ್ಗೆ ರೂಮಿ ಟೋಪಿ ಧರಿಸಿ, ಹೆಗಲ ಮೇಲೆ ತಾಮ್ರದ ಕೊಡವಿಟ್ಟು ಹಳ್ಳಕ್ಕೆ ಇಳಿದೆ. ಟೋಪಿಯ ಗೊಂಡೆ ಕೊಡದ ಕಂಠಕ್ಕೆ ಬಡಿಯುತ್ತಿತ್ತು. ನೆರೆಮನೆಯ ಹನುಮವ್ವ ಮೊಗೆಯುವುದನ್ನು ನಿಲ್ಲಿಸಿ, "ಏನ್ರೀ ಮಾಸ್ತರ, ನೀಲವ್ವ ಮುನಿಸಿಕೊಂಡು ತವರಿಗಿ ಹೋಗ್ಯಾಳೇನ್ರೀ?" ಎಂದಳು.

"ಮೀನಿಗೆ," ಎಂದು ಗಂಭೀರವಾಗಿ ನುಡಿದೆ. ಗುಂಡಿಯ ಸುತ್ತಲಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ಅಂದು ತಂದ ಕೊಡದಲ್ಲಿ ಡಬ್ಬಿಗೆ ಸೇರಿದ್ದು ಒಂದೆರಡು ತಂಬಿಗೆ. ಉಳಿದದ್ದು ಅಡಿಗೆಮನೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರಿವಿಗೆ ಹೋಯಿತು.

ಆದರೆ ಮೀನುಗಳು ಬಾಡತೊಡಗಿದವು. ಬೆಳ್ಳಿಯವು ಕೆಲವು ಹೊಟ್ಟೆ ಮೇಲಾಗಿ ತೇಲಿದವು. ಪುಸ್ತಕ ತೆರೆದರೆ, ಮೀನನ್ನು ಅದು ಹುಟ್ಟಿದ ನೀರಿನಿಂದ ಒಮ್ಮೆಲೇ ಬೇರೆ ನೀರಿಗೆ ಹಾಕಬಾರದೆಂದು ಸ್ಪಷ್ಟವಾಗಿ ಬರೆದಿತ್ತು. ಸವಳು ಬಾವಿಯ ಮಕ್ಕಳಿಗೆ ಸವಳೇ ಅಮೃತ. ಅವ್ವನ ಕಣ್ಣು ತಪ್ಪಿಸಿ ನೀರು ಬದಲಿಸುವುದು ಆ ಮನೆಯಲ್ಲಿ ಸಾಧ್ಯವಿರಲಿಲ್ಲ. ನಿಜ ಹೇಳಿದರೆ ಮೀನು ಉಳಿಯುತ್ತವೆ, ಆದರೆ ನನ್ನ ನೆಪ ಸಾಯುತ್ತದೆ. ಅವ್ವ ಮತ್ತೆ ದಿಬ್ಬ ಹತ್ತುತ್ತಾಳೆ. ಹೇಳದಿದ್ದರೆ ಕೈಯಾರೆ ಹಿಡಿದು ತಂದ ಜೀವಗಳು ಕಣ್ಣೆದುರೇ ಸಾಯುತ್ತವೆ. ಒಂದು ಸಂಜೆಯೆಲ್ಲ ಆ ಗಾಜಿನ ಮುಂದೆ ಕುಳಿತೆ. ಮೀಸೆಯ ಯಜಮಾನ ಬಾಯಿ ತೆರೆದು ಮುಚ್ಚಿ ಏನನ್ನೋ ಹೇಳುತ್ತಿದ್ದ.

ಕೊನೆಗೆ ಹಿತ್ತಲ ಬಾವಿಯಿಂದ ನೀರು ಸೇದಿ ತಂದು, ಅವ್ವನ ಎದುರಿಗೇ ಡಬ್ಬಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿದೆ. "ಇವಕ್ಕ ಸವಳ ನೀರ ಬೇಕವ್ವ," ಎಂದೆ. ಅವ್ವ ಬಗ್ಗಿ ಡಬ್ಬಿಯೊಳಗೆ ನೋಡಿದಳು. "ಬಡವ್ರ ಮನಿ ಮೀನ," ಎಂದಷ್ಟೇ ಹೇಳಿ, ಮೊಣಕಾಲು ಒತ್ತಿಕೊಳ್ಳುತ್ತ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಕೊಡ ಬಾಗಿಲ ಬಳಿಯಿತ್ತು. ಅದನ್ನು ಎತ್ತಿಕೊಳ್ಳುವ ಅಧಿಕಾರ ನನಗೆ ಉಳಿದಿರಲಿಲ್ಲ. ಅವ್ವ ಒಳಗಿನಿಂದ ಬಂದಳು. ಕೈಯಲ್ಲಿ ಅಪ್ಪನ ಹಳೆಯ ಹೆಗಲಬಟ್ಟೆಯಿತ್ತು; ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಹೆಗಲ ಮೇಲಿಟ್ಟಳು.

"ಹೊತ್ತಾತು. ಮೀನಿಗಿ ನೀರು ತರಾಕ ಹೋಗಂಗಿಲ್ಲೇನು?"

ಅವ್ವನ ಮುಖ ನೋಡಿದೆ. ಅವಳು ಡಬ್ಬಿಯ ಕಡೆ ನೋಡುತ್ತಿದ್ದಳು.

ಹಳ್ಳ ಬಾವಿಗಳ ಮೀನು ನೀರು ಕುಡಿಯುವುದೇ ಅಪರೂಪವೆಂದು ಆ ಪುಸ್ತಕದಲ್ಲಿಯೇ ಮುಂದೆ ಓದಿದೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಹನುಮವ್ವ ಒಂದು ದಿನ ಗೋಡೆಯಾಚೆಯಿಂದ, "ಏನ್ ಯಕ್ಕಾ, ನಿಮ್ಮ ಮೀನ ಏಸು ಕೊಡ ಕುಡೀತಾವ?" ಎಂದು ಕೆಣಕಿದಾಗ ಅವ್ವ ತಲೆ ಸಹ ಎತ್ತದೆ, "ನಿನ್ನ ಎಮ್ಮಿಗಿಂತ ಭಾಳ ಕುಡೀತಾವ. ನಿಂದಾದ್ರ ಹಾಲರ ಕೊಡ್ತದ, ಇವು ಅದೂ ಕೊಡಂಗಿಲ್ಲ ನೋಡವ್ವ," ಎಂದಳು.

ಬೇಸಗೆ ಏರಿದಾಗ ಖಾಸಿಂಸಾಬರ ರಾಳ ಕರಗಿ ಸಂದಿಗಳಿಂದ ನೀರು ಸೋರತೊಡಗಿತು. ಮೀನುಗಳನ್ನು ಅವು ಬಂದ ಬಾವಿಗೇ ಬಿಟ್ಟೆ. ಡಬ್ಬಿಯಲ್ಲಿ ಈಗ ನೀಲಮ್ಮ ಒಣಮೆಣಸಿನಕಾಯಿ ಇಡುತ್ತಾಳೆ. ಗಾಜಿನಲ್ಲಿ ಅವೂ ಚೆಂದ ಕಾಣುತ್ತವೆ. ಪ್ರೊಫೆಸರರ ದಿವಾನಖಾನೆಯ ಘನತೆ ನಮ್ಮ ಮನೆಗೆ ಬರಲಿಲ್ಲ. ಹಲವು ಮೀನುಗಳನ್ನು ಒಂದೇ ನೀರಿನಲ್ಲಿ ಸುಖವಾಗಿ ಇಡುವ ವಿದ್ಯೆಯನ್ನು ನಾನು ಕಲಿತೆನೆಂದು ಹೇಳಲಾರೆ. ಒಂದು ಮನೆಯ ಮೂವರ ವಿಷಯದಲ್ಲಿ ಆ ವಿದ್ಯೆ ಅಷ್ಟಿಷ್ಟು ಕೈಹತ್ತಿತು.

ಆ ಹೆಗಲಬಟ್ಟೆಯ ದಿನದಿಂದ ಅವ್ವ ಹಳ್ಳಕ್ಕೆ ಇಳಿದಿಲ್ಲ. ಹೆರಿಗೆಯಾದ ಮೇಲೆ ನೀಲಮ್ಮನೂ ಹೋಗಿಲ್ಲ. ನಮ್ಮ ಮನೆಯ ಸಿಹಿನೀರನ್ನು ನಾನು ತರುತ್ತೇನೆ.