ಬಿರುಕಿನ ತುದಿ ಹುಡುಕುವ ‘ಬೇಡಕ್ಕ’

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಷಟರ್‌ನ ಕೆಳಗಿಂದ ಬೀಳುವ ಬೆಳಕಿನಲ್ಲಿ ಹಳದಿ ಶಾಲಾ ವ್ಯಾನೊಂದು ನಿಂತಿದೆ. ಅದರ ಮುಂದಿನ ಗಾಜಿಗೆ ಮೂಗು ತಾಗುವಷ್ಟು ಬಾಗಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಹಲ್ಲು ಉದುರಿದ ಹಳೆಯ ಬಾಚಣಿಗೆ ಹಿಡಿದು, ಐವತ್ತೆರಡು ವರ್ಷದ ಹೆಂಗಸೊಬ್ಬರು ಏನನ್ನೋ ಹುಡುಕುತ್ತಿದ್ದಾರೆ.

“ಅಕ್ಕಾ, ಸ್ವಲ್ಪ ಬೇಗ ನೋಡಿ. ಏಳಕ್ಕೆ ಮೊದಲನೇ ಮಗು ಹತ್ತಬೇಕು. ಇವತ್ತು ಪರೀಕ್ಷೆ ಬೇರೆ,” ಎನ್ನುತ್ತಾನೆ ವ್ಯಾನಿನ ಚಾಲಕ. ನಿಂತಲ್ಲಿ ನಿಲ್ಲಲಾರ.

“ಪರೀಕ್ಷೆ ಇರೋದು ಮಕ್ಕಳಿಗೆ. ಗಾಜಿಗೆ ಅದೆಲ್ಲ ಗೊತ್ತಾಗಲ್ಲಪ್ಪ. ಬೆಳಕಿಗೆ ಅಡ್ಡ ಬರ್ಬೇಡ, ಈ ಕಡೆ ಬಾ.”

ಈ ಹೆಂಗಸಿನ ನಿಜವಾದ ಹೆಸರು ಇಲ್ಲಿಗೆ ಬರುವ ಚಾಲಕರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಇವರು ‘ಬೇಡಕ್ಕ’. ಕಲ್ಲು ಸಿಡಿದು ಒಡೆದ ಗಾಜನ್ನು ರಿಪೇರಿ ಮಾಡಿಕೊಡಿ ಎಂದು ಬಂದವರಿಗೆ “ಬೇಡ, ಬದಲಾಯಿಸು” ಎನ್ನುತ್ತಾರೆ. ವಿಮೆ ಇದೆ, ಹೊಸದನ್ನೇ ಹಾಕಿಬಿಡಿ ಎಂದು ಬಂದವರಿಗೆ “ಬೇಡ, ಇದಕ್ಕೆ ರಿಪೇರಿ ಸಾಕು” ಎಂದು ಕಳಿಸುತ್ತಾರೆ. ವಾಹನಗಳ ಗಾಜಿನ ಈ ಅಂಗಡಿ ಇವರ ತಮ್ಮನದು. ಬಿರುಕು ತುಂಬುವ ಕೆಲಸ ಅಕ್ಕನದಾದರೆ, ಹೊಸ ಗಾಜು ಕೂರಿಸುವುದು ತಮ್ಮನ ಪಾಲು. “ನಮ್ಮಕ್ಕ ಇರೋ ತನಕ ನಂಗೆ ಬೇರೆ ಶತ್ರು ಬೇಕಾಗಿಲ್ಲ. ಬಂದ ಗಿರಾಕಿಗೆ ಅವನು ಕೇಳಿದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಾಳೆ,” ಎಂದು ಆತ ಗೊಣಗುತ್ತಾನೆ. ಗೊಣಗುತ್ತಲೇ, ಅಕ್ಕ ಕೈಚಾಚುವ ಮೊದಲೇ ಒಣಬಟ್ಟೆ ತಂದುಕೊಡುತ್ತಾನೆ.

ವ್ಯಾನಿನ ಗಾಜಿಗೆ ಪೆಟ್ಟು ಬಿದ್ದದ್ದು ನಿನ್ನೆ ಸಂಜೆ. ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಹಾರಿದ ಕಲ್ಲು, ಅಂಗಿಯ ಗುಂಡಿಯಷ್ಟು ಅಗಲದ ನಕ್ಷತ್ರ ಮೂಡಿಸಿದೆ. ಅಲ್ಲಿಂದ ಒಂದು ಕೂದಲೆಳೆ ಬಿರುಕು ಅಂಚಿನ ಕಡೆಗೆ ಹೊರಟು, ರಬ್ಬರ್ ಪಟ್ಟಿಗೆ ಮೂರು ಬೆರಳು ದೂರದಲ್ಲಿ ನಿಂತಿದೆ. ನಿಂತಂತೆ ಕಾಣುತ್ತಿದೆ ಎನ್ನುವುದೇ ಸರಿ.

ಬೇಡಕ್ಕನ ಲೆಕ್ಕಾಚಾರ ಮೇಲ್ನೋಟಕ್ಕೆ ಸರಳ. ವಾಹನದ ಮುಂದಿನ ಗಾಜೆಂದರೆ ಎರಡು ಗಾಜು, ನಡುವೆ ಒಂದು ಪಾರದರ್ಶಕ ಹಾಳೆ. ಹೊರಗಿನ ಗಾಜು ಮಾತ್ರ ಒಡೆದಿದ್ದರೆ ತುಂಬಬಹುದು. ಒಳಗಡೆ ಉಗುರು ಎಳೆದಾಗ ಎಲ್ಲಾದರೂ ತಡೆದರೆ ಆಗದು. ಚಾಲಕನ ಕಣ್ಣಿನ ನೇರಕ್ಕಿದ್ದರೂ ಆಗದು. ತುಂಬಿದ ಜಾಗ ಎಷ್ಟೇ ಚೆನ್ನಾಗಿ ಕೂತರೂ ಎದುರಿನ ದೀಪ ಬಿದ್ದಾಗ ಮಿನುಗುತ್ತದೆ. ಬಿರುಕು ಅಂಚು ಮುಟ್ಟಿದ್ದರಂತೂ ಮಾತೇ ಇಲ್ಲ. ಗಾಜಿನ ಬಲವೆಲ್ಲ ಅಂಚಿನಲ್ಲಿದೆ. ಅಲ್ಲಿ ಬಿಟ್ಟುಕೊಟ್ಟ ಗಾಜು ರಸ್ತೆಯ ಯಾವ ಗುಂಡಿಯಲ್ಲಿ ಉದ್ದಕ್ಕೂ ಸೀಳುತ್ತದೆಂದು ಯಾರೂ ಹೇಳಲಾರರು.

“ರಾತ್ರಿ ಗಾಡಿ ಎಲ್ಲಿತ್ತು?”

“ಮನೆ ಮುಂದೆ, ಬಯಲಲ್ಲೇ.”

“ಬೆಳಿಗ್ಗೆ ಗಾಜಿನ ಮೇಲೆ ಏನಾದ್ರೂ ಹಾಕಿದ್ಯಾ?”

“ಮಂಜು ಕವಿದಿತ್ತಕ್ಕಾ. ಲೇಟಾಗುತ್ತೆ ಅಂತ ಒಂದು ಮಗ್ಗು ಬಿಸಿನೀರು ಸುರಿದೆ.”

ಬೇಡಕ್ಕನ ಕೈ ಅಲ್ಲೇ ನಿಲ್ಲುತ್ತದೆ. ತಲೆ ಚಚ್ಚಿಕೊಳ್ಳುತ್ತಾನೆ ತಮ್ಮ. ರಾತ್ರಿಯಿಡೀ ಚಳಿ ಕುಡಿದ ಗಾಜಿಗೆ ಬಿಸಿನೀರು ಬಿದ್ದರೆ ಮಲಗಿದ್ದ ಬಿರುಕು ಎದ್ದು ಓಡುತ್ತದೆ. ಇದು ಎಲ್ಲಿಯವರೆಗೆ ಓಡಿದೆ ಎನ್ನುವುದೇ ಈಗಿನ ಪ್ರಶ್ನೆ. ಆರು ಗಂಟೆಗೆ ಇನ್ನು ಐದು ನಿಮಿಷ.

ಕಣ್ಣಿನ ಈ ಕಸುಬು ಬೇಡಕ್ಕನಿಗೆ ಒಲಿದದ್ದು ಗ್ಯಾರೇಜಿನಲ್ಲಲ್ಲ. ಮದುವೆಗೆ ಮೊದಲೇ ಕನ್ನಡಕದ ಗಾಜು ಮಾಡುವ ಕಾರ್ಖಾನೆ ಸೇರಿ, ಒಂಬತ್ತು ವರ್ಷ ಗೀರು ಹುಡುಕುವ ಮೇಜಿನಲ್ಲಿ ಕೂತರು. ದಿನಕ್ಕೆ ಎಂಟುನೂರು ಗಾಜು ಬೆಳಕಿಗೆ ಹಿಡಿದು, ಗೀರಿದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ. ಕಾರ್ಖಾನೆ ಬಾಗಿಲು ಹಾಕಿದಾಗ ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿದ್ದರು, ಗಂಡನಿಗೆ ಬೆನ್ನುನೋವು. “ಸುಮ್ನೆ ಮನೇಲಿ ಕೂತು ನಮ್ಮ ಭಾವನ ತಪ್ಪು ಹುಡುಕೋ ಬದಲು ಇಲ್ಲಿ ಬಂದು ಗಾಜಿನ ತಪ್ಪು ಹುಡುಕು ಅಂದೆ,” ಎಂದು ತಮ್ಮ ನಗುತ್ತಾನೆ. ಅದಾಗಿ ಹದಿನೆಂಟು ವರ್ಷ. ಈಗ ಅವರಿಗೇ ಕನ್ನಡಕ ಬಂದಿದೆ. ಅದರ ಮೇಲೂ ಎರಡು ಗೀರಿವೆ. “ಅದನ್ನ ನೋಡೋಕೆ ಪುರುಸೊತ್ತೆಲ್ಲಿ?” ಎನ್ನುತ್ತಾರೆ.

ದಿನಕ್ಕೆ ಎಂಟು ಹತ್ತು ಗಾಡಿ ಬರುತ್ತವೆ. ಹತ್ತರಲ್ಲಿ ಆರು ರಿಪೇರಿ, ನಾಲ್ಕು ಬದಲಾವಣೆ. ಒಂದು ರಿಪೇರಿಗೆ ಮೂರು ನಾಲ್ಕು ತೊಟ್ಟು ಗಾಜಿನಂಟು, ಅರ್ಧ ಗಂಟೆ ಬಾಗಿದ ಬೆನ್ನು. ಮೊದಲು ಬಿರುಕಿನೊಳಗಿನ ಗಾಳಿ ಎಳೆಯಬೇಕು, ಆಮೇಲೆ ಅಂಟು ಇಳಿಸಬೇಕು, ಕೊನೆಗೆ ನೇರಳೆ ದೀಪ ಹಿಡಿದು ಗಟ್ಟಿ ಮಾಡಬೇಕು. ಅಂಟು ಒತ್ತುವ ತಿರುಪು ಕಾಲು ಸುತ್ತು ಹೆಚ್ಚಾದರೂ ಬಿರುಕು ಕಣ್ಣೆದುರೇ ಬೆಳೆಯುತ್ತದೆ. ಬರುವವರು ಮೊದಲೇ ಏನೇನೋ ಮೆತ್ತಿಕೊಂಡು ಬಂದಿರುತ್ತಾರೆ: ಉಗುರುಬಣ್ಣ, ಮೇಣ, ಹಲ್ಲುಜ್ಜುವ ಪೇಸ್ಟು. “ಒಂದು ಚೂರು ಟೇಪ್ ಅಂಟಿಸಿ, ಒಳಗೆ ಧೂಳು ಹೋಗದ ಹಾಗೆ ತಂದ್ರೆ ಸಾಕು. ಅಷ್ಟು ಮಾಡಲ್ಲ, ಡಾಕ್ಟರ್‌ಗಿರಿ ಎಲ್ಲ ಮಾಡ್ತಾರೆ,” ಎನ್ನುತ್ತಾರೆ ಬೇಡಕ್ಕ.

ಆ ಬಾಚಣಿಗೆಗೂ ಒಂದು ಕಾರಣವಿದೆ. ಹನ್ನೊಂದು ವರ್ಷದ ಹಿಂದೆ ಒಂದು ಸರಕಿನ ಗಾಡಿ ಬಂದಿತ್ತು. ಇದೇ ಥರದ ಬಿರುಕು, ಅಂಚಿಗೆ ಇಷ್ಟೇ ದೂರ. ಇಪ್ಪತ್ತೇ ನಿಮಿಷದಲ್ಲಿ ತುಂಬಿ, ಹೊಳೆಯುವಂತೆ ಒರೆಸಿ ಕಳಿಸಿದರು. ಆದರೆ ರಬ್ಬರ್ ಪಟ್ಟಿ ಎತ್ತಿ ನೋಡಿರಲಿಲ್ಲ. ಪಟ್ಟಿಯ ಅಡಿಯಲ್ಲಿ, ಅಂಚಿನಿಂದ ಒಳಕ್ಕೆ, ಇನ್ನೊಂದು ಬಿರುಕು ಈ ಬಿರುಕಿನ ಕಡೆಗೇ ಮುಖ ಮಾಡಿ ಕೂತಿತ್ತು. ಮಧ್ಯಾಹ್ನ ರಸ್ತೆಯುಬ್ಬು ಹತ್ತಿ ಇಳಿಯುವಾಗ ಎರಡೂ ಸೇರಿಕೊಂಡು, ಗಾಜು ಪೂರ್ತಿ ಬಲೆ ಕಟ್ಟಿದಂತಾಯಿತು. ಎದುರು ಕಾಣದ ಚಾಲಕ ಕಂಬಕ್ಕೆ ಗುದ್ದಿದ. ಅವನ ಬಲಮಂಡಿ ಇವತ್ತಿಗೂ ಮಡಚುವುದಿಲ್ಲ.

“ಆಸ್ಪತ್ರೆಗೆ ಹೋಗಿ ಕೈ ಮುಗಿದೆ. ‘ರಸ್ತೆ ಸರಿ ಇರ್ಲಿಲ್ಲಮ್ಮ, ನಿಮ್ಮದೇನು ತಪ್ಪು’ ಅಂದ್ಬಿಟ್ಟ. ಎರಡು ಬೈದಿದ್ರೆ ಎಷ್ಟೋ ಹಗುರ ಆಗಿರೋದು,” ಎನ್ನುತ್ತಾರೆ. ಅಂದಿನಿಂದ ಬಾಚಣಿಗೆಯ ಹಲ್ಲಿನಿಂದ ಪಟ್ಟಿ ಎತ್ತಿ, ಅಡಿಯಲ್ಲಿ ಉಗುರು ಆಡಿಸದೆ ಒಂದು ಗಾಡಿಯನ್ನೂ ಬಿಟ್ಟಿಲ್ಲ.

ಈಗಲೂ ಪಟ್ಟಿ ಎತ್ತಿದ್ದಾರೆ. ಅಡಿಯಲ್ಲಿ ವರ್ಷಗಳ ಕೊಳೆ, ಕಪ್ಪು ಬಣ್ಣದ ಗೆರೆ. ಉಗುರು ಒಂದು ಕಡೆ ಸಣ್ಣಗೆ ತಡೆಯುತ್ತದೆ. ಬಣ್ಣದ ಮೇಲಿನ ಗೀರೂ ಇರಬಹುದು, ಬಿರುಕೂ ಇರಬಹುದು. ಬೇಡಕ್ಕ ಆ ಜಾಗಕ್ಕೆ ಒಂದು ಹನಿ ಸ್ಪಿರಿಟ್ ಬಿಡುತ್ತಾರೆ. ಬಿರುಕಿದ್ದರೆ ಅದು ಹನಿಯನ್ನು ಹೀರಿಕೊಳ್ಳಬೇಕು. ಹೀರಿಕೊಂಡಂತೆ ಕಾಣುತ್ತದೆ. ಒರೆಸಿ ಇನ್ನೊಂದು ಹನಿ ಬಿಡುತ್ತಾರೆ. ಇದು ಹಾಗೇ ನಿಂತು, ಆರಿಹೋಗುತ್ತದೆ. ಗಂಟೆ ಆರೂ ಹತ್ತು.

“ಬೇಡ. ಬದಲಾಯಿಸೋಣ.”

“ಅಕ್ಕಾ!” ಚಾಲಕನ ದನಿ ಒಡೆಯುತ್ತದೆ. “ಬದಲಾಯಿಸಿದ್ರೆ ಗಾಡಿ ಯಾವಾಗ ಸಿಗುತ್ತೆ?”

“ಕೂರಿಸೋಕೆ ಒಂದೂವರೆ ಗಂಟೆ,” ಎನ್ನುತ್ತಾನೆ ತಮ್ಮ. “ಅಂಟು ಹಿಡಿಯೋಕೆ ನಾಲ್ಕು. ಹನ್ನೆರಡಾಗುತ್ತೆ.”

“ಎಂಟಕ್ಕೆ ಪರೀಕ್ಷೆ! ಈ ತಿಂಗಳು ಆಗ್ಲೇ ಎರಡು ಸಲ ಲೇಟಾಗಿದೆ. ಇನ್ನೊಂದ್ಸಲ ಆದ್ರೆ ರೂಟು ಬೇರೆಯವನಿಗೆ ಅಂತ ಸ್ಕೂಲಲ್ಲಿ ಮುಖದ ಮೇಲೆ ಹೇಳಿದ್ದಾರೆ. ನಿಮಗೇ ಗ್ಯಾರಂಟಿ ಇಲ್ಲ ತಾನೆ? ಬಿರುಕಿದೆ ಅಂತ ಹೇಳಿ ನೋಡೋಣ!”

“ಇದೆ ಅಂತ ಹೇಳಲ್ಲ. ಇಲ್ಲ ಅಂತ ಹೇಳೋಕಾಗ್ತಿಲ್ಲ. ಅದಕ್ಕೇ ಬೇಡ ಅಂದಿದ್ದು.”

ಚಾಲಕ ಧಡಾರನೆ ಬಾಗಿಲೆಳೆದು ಒಳಗೆ ಕೂತು ಎಂಜಿನ್ ಶುರು ಮಾಡುತ್ತಾನೆ. “ಟೇಪ್ ಹಾಕ್ಕೊಂಡು ಓಡಿಸ್ತೀನಿ ಬಿಡಿ. ನಿಧಾನಕ್ಕೆ ಹೋದ್ರೆ ಏನೂ ಆಗಲ್ಲ.” ತಮ್ಮ ಅಡ್ಡ ಹೋಗಲು ನೋಡುತ್ತಾನೆ. ಬೇಡಕ್ಕ ಅವನನ್ನು ತಡೆದು, ಕಿಟಕಿಯ ಬಳಿ ಹೋಗಿ ಮೆಲ್ಲಗೆ ಕೇಳುತ್ತಾರೆ.

“ಮುಂದಿನ ಸೀಟಲ್ಲಿ ಯಾರು ಕೂರೋದು?”

“ಹಾಂ?”

“ನಿನ್ನ ಪಕ್ಕದಲ್ಲಿ. ಯಾವ ಮಗು?”

ಎಂಜಿನ್ ಗುರುಗುಡುತ್ತದೆ. “ಒಂದನೇ ಕ್ಲಾಸಿನ ಹುಡುಗಿ. ಹಿಂದೆ ಕೂತ್ರೆ ವಾಂತಿ ಬರುತ್ತೆ ಅಂತ ಅವರಮ್ಮ ಮುಂದೇನೇ ಕೂರಿಸಿ ಹೋಗ್ತಾರೆ.” ಆತ ಸ್ಟಿಯರಿಂಗ್ ಹಿಡಿದೇ ಇರುತ್ತಾನೆ. ನಿಮಿಷದ ನಂತರ ಎಂಜಿನ್ ಆರುತ್ತದೆ.

“ನಿನ್ನ ಫೋನ್ ಕೊಡು,” ಎನ್ನುತ್ತಾರೆ ಬೇಡಕ್ಕ.

ಹದಿನಾಲ್ಕು ಮನೆ. ಊಟದ ಡಬ್ಬಿಗೆ ಮುಚ್ಚಳ ಸಿಗದ, ಒಂಟಿ ಕಾಲುಚೀಲ ಹುಡುಕುವ, ಮಗು ಪೆನ್ಸಿಲ್ ಮರೆತೆನೆಂದು ಅಳುವ ಹೊತ್ತು ಅದು. ಆ ಹೊತ್ತಿಗೆ ಸರಿಯಾಗಿ ಅಪರಿಚಿತ ಹೆಂಗಸಿನ ದನಿ: “ಗಾಬರಿ ಆಗ್ಬೇಡಿ, ಏನೂ ಅನಾಹುತ ಆಗಿಲ್ಲ. ಇವತ್ತು ವ್ಯಾನ್ ಬರಲ್ಲ. ನಾನೇ ಬೇಡ ಅಂದೆ.” ಒಬ್ಬ ತಾಯಿ ಅರ್ಧಕ್ಕೇ ಫೋನಿಡುತ್ತಾಳೆ. ಒಬ್ಬ ತಂದೆ, “ಎರಡು ಕಿಲೋಮೀಟರ್‌ಗೆ ಇಷ್ಟು ರಾಮಾಯಣನಾ? ಬೇಡ ಅನ್ನೋಕೆ ನೀವ್ಯಾರ್ರೀ?” ಎಂದು ಎಗರುತ್ತಾನೆ. “ಗಾಜು ನೋಡೋಳು ಸ್ವಾಮಿ,” ಎಂದಷ್ಟೇ ಹೇಳಿ ಬೇಡಕ್ಕ ಮುಂದಿನ ನಂಬರ್ ಒತ್ತುತ್ತಾರೆ. ಹನ್ನೊಂದನೆಯ ಕರೆಗೆ ಒಬ್ಬ ಅಜ್ಜ ತನ್ನ ಕಾರಿನಲ್ಲಿ ಐವರನ್ನು ಕರೆದೊಯ್ಯಲು ಒಪ್ಪುತ್ತಾರೆ. ಎಲ್ಲ ಮುಗಿದಾಗ ಏಳಕ್ಕೆ ಐದು ನಿಮಿಷ. ಚಾಲಕ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದಾನೆ. ಎಂಟೂ ಹತ್ತಕ್ಕೆ ಶಾಲೆಯಿಂದ ಸುದ್ದಿ ಬರುತ್ತದೆ: ಹದಿನಾಲ್ಕೂ ಮಕ್ಕಳು ತಲುಪಿದ್ದಾರೆ, ಒಬ್ಬ ಮಾತ್ರ ಐದು ನಿಮಿಷ ತಡ, ಅವನನ್ನೂ ಒಳಗೆ ಬಿಟ್ಟಿದ್ದಾರೆ. ರೂಟಿನ ಬಗ್ಗೆ ಮಾತ್ರ ಯಾರೂ ಏನೂ ಹೇಳಿಲ್ಲ.

ಅಷ್ಟರಲ್ಲಿ ತಮ್ಮ ತಂತಿಯಿಂದ ಹಳೆಯ ಅಂಟು ಕೊಯ್ದು, ಹಿಡಿಕೆ ಅಂಟಿಸಿ ಗಾಜನ್ನು ಎತ್ತಿದ್ದಾನೆ. ಅದು ಒಡೆಯದೆ, ಒಂದೇ ತುಂಡಾಗಿ ಬಂದು ಮೇಜಿನ ಮೇಲೆ ಮಲಗಿದೆ.

“ನೋಡಿ! ಕಲ್ಲಿನ ಹಾಗಿದೆ,” ಎನ್ನುತ್ತಾನೆ ಚಾಲಕ. “ಇನ್ನೂ ಒಂದು ವರ್ಷ ಓಡ್ತಿತ್ತು ಇದು. ಸುಮ್ಸುಮ್ನೆ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲಕ್ಕಾ.”

ಬೇಡಕ್ಕ ಅಂಚಿಗೆ ಟಾರ್ಚು ಹಿಡಿಯುತ್ತಾರೆ. ತಂತಿ ಉಜ್ಜಿ ಆ ಜಾಗದ ತುಂಬ ಗೀರುಗಳಾಗಿವೆ. ಅವುಗಳ ನಡುವೆ ಬಿರುಕಿತ್ತೇ ಎಂದು ಇನ್ನು ಯಾರ ಕಣ್ಣಿಗೂ ತಿಳಿಯದು. “ಮಂಡಿ ಮೇಲಿಟ್ಟು ಒತ್ತಿ ತೋರಿಸ್ಲಾ? ಯಾರು ಸರಿ ಅಂತ ಗೊತ್ತಾಗ್ಲಿ,” ಎಂದು ತಮ್ಮ ತೋಳೇರಿಸುತ್ತಾನೆ.

“ಮಂಡಿ ಕೊಟ್ಟು ಒತ್ತಿದ್ರೆ ಯಾವ ಗಾಜು ತಾನೇ ಒಡೆಯಲ್ಲ? ಎತ್ತಿಡು.”

ಹನ್ನೆರಡೂ ಹತ್ತಕ್ಕೆ ವ್ಯಾನು ಪರೀಕ್ಷೆ ಮುಗಿಸಿದ ಮಕ್ಕಳನ್ನು ಕರೆತರಲು ಹೊರಡುತ್ತದೆ.

ಇದಾಗಿ ಎರಡು ವಾರ. ರೂಟು ಕೈತಪ್ಪಿಲ್ಲ. ದಿನಾ ಏಳೂ ಇಪ್ಪತ್ತಕ್ಕೆ ವ್ಯಾನು ಅಂಗಡಿಯ ಮುಂದೆ ಹಾದುಹೋಗುತ್ತದೆ. ಚಾಲಕ ಈ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ಹೇಳಿದ್ದು ಸರಿಯಿತ್ತು ಅನ್ನಿಸುತ್ತದಾ ಎಂದು ಕೇಳಿದರೆ ಬೇಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ.

“ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಏನಾದ್ರೂ ಆದಾಗ ಎಲ್ರೂ ಇಲ್ಲಿಗೆ ಬರ್ತಾರೆ, ಜಗಳಕ್ಕೆ. ಏನೂ ಆಗ್ಲಿಲ್ಲ ಅಂತ ಹೇಳೋಕೆ ಹದಿನೆಂಟು ವರ್ಷದಲ್ಲಿ ಒಬ್ರೂ ಬಂದಿಲ್ಲ. ಅಂಥೋರು ಒಬ್ರು ಬಂದ್ರೆ, ಕೂರಿಸಿ ಟೀ ಕೊಡ್ಬೇಕು ಅಂತ ಆಸೆ.”