ಕೆಂಪು ಅಂಚಿನಲ್ಲಿ ನಾಲ್ಕು ಬೆರಳು ಹಸಿರು

ಆ ರೇಷ್ಮೆ ಸೀರೆಗೆ ಹನ್ನೊಂದು ಸಾವಿರ ಕೊಟ್ಟೆ. ಸೀರೆ ವ್ಯಾಪಾರಕ್ಕಿಳಿದ ಮೇಲೆ ಹೇಳಿದ ಬೆಲೆಯನ್ನೇ ಕೊಟ್ಟಿದ್ದು ಅದೇ ಮೊದಲು, ಅದೂ ತಪ್ಪು ನೇಯ್ದ ಸೀರೆಗೆ.

ಕೊಳ್ಳೇಗಾಲದ ನೇಕಾರ ದಂಪತಿಯ ಮನೆಯಲ್ಲಿ ಸೀರೆ ಬಿಡಿಸಿ ನೋಡಿದರೆ, ಕೆಂಪು ಅಂಚಿನ ನಡುವೆ ನಾಲ್ಕು ಬೆರಳಷ್ಟು ಹಸಿರು! "ಎರಡು ಸಾವಿರ ಇಳಿಸಿ" ಎಂದೆ. ಗಂಡನ ಮುಖ ಸಪ್ಪಗಾಯಿತು. ಹೆಂಡತಿ ಮಾತ್ರ ನಕ್ಕರು.

"ಮಗ್ಗದಲ್ಲಿ ಇವ್ರ ಪಕ್ಕ ಕೂತು ಅಂಚಿನ ಲಾಳಿ ಎಸೆಯೋಳು ನಾನು ಸಾ. ಅವತ್ತು ಜಗಳ ಆಡಿ ಮಾತು ಬಿಟ್ಟಿದ್ವಿ. ಕೆಂಪು ದಾರ ಮುಗೀತು. ಎಲ್ಲಿಟ್ಟಿದ್ದೀರಿ ಅಂತ ನಾನು ಕೇಳ್ನಿಲ್ಲ, ಕೈಗೆ ಸಿಕ್ಕಿದ್ ಹಸಿರು ಆಕ್ಬುಟ್ಟೆ. ನೋಡ್ತಾ ಕೂತಿದ್ರೂ ಇವ್ರು ಬಾಯಿ ಬಿಡ್ನಿಲ್ಲ!"

"ಮೊದ್ಲು ಅವ್ಳೇ ಮಾತಾಡ್ಲಿ ಅಂತ ಸುಮ್ಕಿದ್ದೆ ಸಾ" ಎಂದರು ಗಂಡ.

"ಮತ್ತೆ ಕೆಂಪು ಹೇಗೆ ಬಂತು?"

"ಇವ್ರಿಗೆ ಕಾಫಿ ಬೇಕಾಯ್ತಲ್ಲ!"

ನಗುತ್ತಲೇ ನನ್ನ ಮನೆ ನೆನಪಾಯಿತು. ಭಾಮೈದನ ಗೃಹಪ್ರವೇಶಕ್ಕೆ ಹೋಗದೆ ಅಂಗಡಿಯಲ್ಲೇ ಕೂತಿದ್ದಕ್ಕೆ ಹೆಂಡತಿ ನಾಲ್ಕು ದಿನದಿಂದ ಮಾತು ಬಿಟ್ಟಿದ್ದಳು. ನಾನೂ ಬಿಗಿದುಕೊಂಡೇ ಇದ್ದೆ. ಪೂರ್ತಿ ಹಣ ಕೊಟ್ಟು, ಸೀರೆಯನ್ನು ಅಂಗಡಿಗೆ ಒಯ್ಯದೆ ಅವಳ ಮುಂದಿಟ್ಟು, "ನಂದೇ ತಪ್ಪು" ಎಂದೆ. ಸೀರೆ ಬಿಡಿಸಿದವಳೇ, "ಇದೇನ್ರೀ, ಅಂಚು ಹಿಂಗಿದೆ? ನೋಡಿ ತರೋದಲ್ವಾ?" ಎಂದು ಗದರಿದಳು. ಬೈಗುಳ ಅಷ್ಟು ಹಿತವಾಗಿದ್ದುದು ಎಂದೂ ಇಲ್ಲ.

ಕೈಮಗ್ಗದ ಸೀರೆ ಕೊಳ್ಳುವವರು ಅಂಚನ್ನು ಪೂರ್ತಿ ಬಿಡಿಸಿ ನೋಡಿ. ತಪ್ಪು ಕಂಡರೆ, ಬೆಲೆ ಇಳಿಸುವ ಮುಂಚೆ ಅದು ಹೇಗಾಯಿತೆಂದು ಕೇಳಿ. ಮನೆಯಲ್ಲಿ ಮಾತು ನಿಂತಿದ್ದರೆ ಮಾತ್ರ ಚೌಕಾಸಿಗೆ ಕೂರಬೇಡಿ, ಮೊದಲು ನೀವೇ ಮಾತಾಡಿಬಿಡಿ.