ಸ್ಟೆಪ್ನಿಯ ಗಾಳಿ

ಇವತ್ತು ಕುಂದಾಪುರದ ಬಂಕಿನಲ್ಲಿ ಕಾರಿನ ಚಕ್ರಕ್ಕೆ ಗಾಳಿ ತುಂಬಿಸಿ ಪೈಪ್ ತೆಗೆಯುವಾಗ 'ಸುಸ್ಸ್' ಎಂದಿತು. ನಾನು ಮತ್ತೆ ಎಂಟು ವರ್ಷದ ಹುಡುಗಿಯಾದೆ.

ಆ ಸದ್ದು ಕೇಳುವ ಆಸೆಗೆ ಅಪ್ಪಯ್ಯನ ಮೀನಿನ ಟೆಂಪೋದ ಸ್ಟೆಪ್ನಿಯ ವಾಲ್ವಿಗೆ ಕಡ್ಡಿ ಚುಚ್ಚಿ ಗಾಳಿಯೆಲ್ಲ ಬಿಟ್ಟಿದ್ದೆ. ಮರುದಿನವೇ ತ್ರಾಸಿಯಲ್ಲಿ ಟಯರ್ ಪಂಕ್ಚರ್ ಆಯಿತು. ಅಪ್ಪಯ್ಯ ಟೆಂಪೋ ರಸ್ತೆಯಂಚಿಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟೆಪ್ನಿ ಇಳಿಸಿದರು. ಅದು ಮೆತ್ತಗಿತ್ತು. ಅಮ್ಮ ಮಾರಬೇಕಿದ್ದ ಬಂಗುಡೆಯೆಲ್ಲ ಬಿಸಿಲಿಗೆ ಹಾಳಾಯಿತು.

"ಎಂತ ಡ್ರೈವರ್ ಮರಾಯ್ರೆ ನೀವ್!" ಮೀನು ಮಾರ್ಕೆಟ್ಟಿನಲ್ಲಿ ಅಮ್ಮ ಎಲ್ಲರೆದುರೇ ಬೈದಳು.

"ನಂದೇ ತಪ್ಪ್. ಹೊರಡುಕ್ ಮುಂಚೆ ಗಾಳಿ ಕಾಣ್ಕಿತ್," ಎಂದರು ಅಪ್ಪಯ್ಯ, ತಲೆ ತಗ್ಗಿಸಿ.

ನಾನು ಅಮ್ಮನ ಸೆರಗಿನ ಹಿಂದೆ ಬಾಯಿಬಿಡದೆ ನಿಂತಿದ್ದೆ. ಆಮೇಲೆ ಅಪ್ಪಯ್ಯ ಸ್ಟೆಪ್ನಿ ಒತ್ತಿ ನೋಡದೆ ಎಂದೂ ಹೊರಡಲಿಲ್ಲ.

ಇವತ್ತು ಅವರು ಪಕ್ಕದ ಸೀಟಿನಲ್ಲೇ ಇದ್ದರು. ಮುಖ ನೋಡಲು ನಾಚಿಕೆಯಾಯಿತು. ಇವತ್ತೂ ಹೇಳಲಿಲ್ಲ.